ಇಳಿಜಾರು ಸಿಸ್ಟರ್ ಬರೆದ ಶೇಕಡಾ ಇಪ್ಪತ್ತನಾಲ್ಕು

ನಾನು ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಮೂರನೇ ಕಿಟಕಿಯ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ಪಿಎಚ್.ಡಿ. ಮಾಡುವವರು ಆರು ತಿಂಗಳಿಗೊಮ್ಮೆ ಪ್ರಗತಿ ವರದಿಯನ್ನು ತಂದು ನನ್ನ ಕೈಗೆ ಕೊಡಬೇಕು. ನಾನು ಅದರಲ್ಲಿರುವ ಅಂಕಿಯನ್ನು ಕಂಪ್ಯೂಟರಿಗೆ ಹಾಕಿ, ಕಾಗದವನ್ನು ಫೈಲಿಗೆ ಸೇರಿಸಿ, ರಸೀದಿ ಕೊಡಬೇಕು. ಇಷ್ಟೇ ಕೆಲಸ. ಇಷ್ಟು ಕೆಲಸದಲ್ಲೂ ಒಬ್ಬ ಮನುಷ್ಯನ ರಕ್ತದೊತ್ತಡ ಏರುತ್ತದೆಯೇ ಎಂದು ಕೇಳುವವರು ಒಂದು ವಾರ ನನ್ನ ಕುರ್ಚಿಯಲ್ಲಿ ಬಂದು ಕೂರಲಿ.

ನಿಯಮಗಳನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಕೇಳಬಾರದು. ವರದಿಯಲ್ಲಿ ‘ಒಟ್ಟು ಕೆಲಸ ಶೇಕಡಾ ಎಷ್ಟು ಮುಗಿದಿದೆ’ ಎಂಬ ಚೌಕವಿದೆ. ಹಿಂದಿನ ಸಲಕ್ಕಿಂತ ಕನಿಷ್ಠ ಐದಾದರೂ ಏರಬೇಕು. ಏರದಿದ್ದರೆ ‘ಅತೃಪ್ತಿಕರ’. ಎರಡು ಸಲ ಅತೃಪ್ತಿಕರವಾದರೆ ನೋಂದಣಿ ರದ್ದು. ಎಂಬತ್ತು ದಾಟಿದರೆ ಆರು ತಿಂಗಳಲ್ಲಿ ಮಹಾಪ್ರಬಂಧ ಒಪ್ಪಿಸಬೇಕು, ಇಲ್ಲದಿದ್ದರೂ ರದ್ದು.

ಬುದ್ಧಿವಂತರು ಈ ಆಟವನ್ನು ಮೊದಲ ದಿನವೇ ಕಲಿಯುತ್ತಾರೆ. ಐದು, ಹತ್ತು, ಹದಿನೈದು ಎಂದು ಮೆಟ್ಟಿಲು ಹತ್ತಿದ ಹಾಗೆ ಬರೆದುಕೊಂಡು ಹೋದರೆ ವರ್ಷಗಟ್ಟಲೆ ಯಾರೂ ಮಾತಾಡಿಸುವುದಿಲ್ಲ. ಹೋದ ಸಲದ ವರದಿಯಲ್ಲಿ ತಾರೀಖು ಬದಲಿಸಿ ತಂದುಕೊಡುವವರೂ ಉಂಟು. ಮಾರ್ಗದರ್ಶಕರು ಓದದೆ ಸಹಿ ಹಾಕುತ್ತಾರೆ, ನಾನು ಓದದೆ ಫೈಲಿಗೆ ಸೇರಿಸುತ್ತೇನೆ. ಎಲ್ಲರೂ ಸುಖವಾಗಿದ್ದೆವು.

ಆಗ ಬಂದರು ಈ ಸಿಸ್ಟರ್.

ದೊಡ್ಡಾಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲಿ ಹಿರಿಯ ನರ್ಸ್. ವಯಸ್ಸು ನಲವತ್ತಾರು. ಗಂಡ ಬಸ್ ಓಡಿಸುತ್ತಾರೆ, ಮಗ ಹತ್ತನೇ ಕ್ಲಾಸು, ಮನೆಯಲ್ಲಿ ಎಂಬತ್ತರ ಅತ್ತೆ. ಆ ಅತ್ತೆ ಬಂದವರಿಗೆಲ್ಲ, “ನಮ್ಮ ಮನೇಲಿ ಇಬ್ಬರು ಸ್ಕೂಲಿಗೆ ಹೋಗ್ತಾರೆ, ಮೊಮ್ಮಗ ಪಾಸಾಗ್ತಾನೆ” ಎಂದು ಹೇಳುತ್ತಾರಂತೆ. ಇದನ್ನು ಸಿಸ್ಟರೇ ನನಗೆ ಹೇಳಿದ್ದು, ನಗದೆ. ಇಪ್ಪತ್ತನೇ ವಯಸ್ಸಿಗೆ ಬಿಳಿ ಸೀರೆ ಉಟ್ಟು ಕೆಲಸಕ್ಕೆ ಸೇರಿದವರು, ನಲವತ್ತು ದಾಟಿದ ಮೇಲೆ ರಜೆಯನ್ನೆಲ್ಲ ಪರೀಕ್ಷೆಗೆ ಸುರಿದು ಒಂದೊಂದೇ ಡಿಗ್ರಿ ಮುಗಿಸಿ ಪಿಎಚ್.ಡಿ.ಗೆ ಬಂದಿದ್ದರು. ವಿಷಯ, ಹೆರಿಗೆಯಾದ ಮೊದಲ ಮೂರು ದಿನ ತಾಯಂದಿರು ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ ಎಂಬುದು.

“ಇದಕ್ಕೂ ಪಿಎಚ್.ಡಿ. ಬೇಕಾ ಸಿಸ್ಟರ್? ನಿದ್ದೆ ಮಾಡಲ್ಲ ಅಂತ ನನ್ನ ಹೆಂಡತೀನೂ ಹೇಳ್ತಾಳೆ” ಎಂದು ನಾನು ಮೊದಲ ದಿನವೇ ತಮಾಷೆ ಮಾಡಿದೆ.

“ಅವರು ಹೇಳಿದಾಗ ನೀವು ಕೇಳಿಸ್ಕೊಂಡ್ರಾ ಸರ್?” ಎಂದರು. ನಾನು ರಸೀದಿ ಬರೆಯತೊಡಗಿದೆ.

ಅವರ ಯೋಜನೆ ಅಚ್ಚುಕಟ್ಟಾಗಿತ್ತು. ಇನ್ನೂರ ನಲವತ್ತು ತಾಯಂದಿರು. ಅರ್ಧ ಗಂಟೆಗೊಮ್ಮೆ ಹಾಸಿಗೆಯ ಬಳಿ ಹೋಗಿ, ಮಲಗಿದ್ದರೆ ಒಂದು ಗುರುತು, ಎದ್ದಿದ್ದರೆ ಇನ್ನೊಂದು. ವರದಿಗಳೂ ನೆಟ್ಟಗೆ ಬಂದವು. ಹತ್ತು, ಇಪ್ಪತ್ತೆರಡು, ಮೂವತ್ತಾರು, ನಲವತ್ತೊಂದು. ಒಂದೇ ಕಿರಿಕಿರಿ ಎಂದರೆ ‘ಕಾರಣ ಮತ್ತು ವಿವರ’ ಎಂಬ ಕಾಲಮ್ಮು. ಎಲ್ಲರೂ ಅಲ್ಲಿ ‘ಕೆಲಸ ಪ್ರಗತಿಯಲ್ಲಿದೆ’ ಎಂದು ಬರೆದು ಕೈ ತೊಳೆದುಕೊಂಡರೆ, ಈಕೆ ಪ್ರತಿ ಸಲ ಎರಡು ಹಾಳೆ ಬರೆದು ಅಂಟಿಸಿ ತರುತ್ತಿದ್ದರು. ಫೈಲು ಬಸುರಿ ಹಾಗೆ ಊದಿಕೊಂಡು ಬೀರುವಿನ ಬಾಗಿಲು ಮುಚ್ಚುತ್ತಿರಲಿಲ್ಲ.

ಐದನೇ ವರದಿಯಲ್ಲಿ ಶೇಕಡಾ ಇಪ್ಪತ್ತೆಂಟು ಎಂದು ಬರೆದು ತಂದರು.

“ಸಿಸ್ಟರ್, ಹೋದ ಸಲ ನಲವತ್ತೊಂದು ಇತ್ತು.”

“ಹೌದು ಸರ್. ಇಳಿದಿದೆ.”

“ಇಳಿಯೋದು ಅಂದ್ರೇನು? ಮಾಡಿದ ಕೆಲಸ ಎಲ್ಲಿಗೆ ಹೋಗುತ್ತೆ?”

“ಅರವತ್ತು ಜನರ ಲೆಕ್ಕ ತೆಗೆದುಹಾಕಿದೆ. ಸರಿ ಇರಲಿಲ್ಲ. ಹಾಳೆಯಲ್ಲಿ ಬರೆದಿದ್ದೀನಿ, ಓದಿ.”

ಹಾಳೆ ಓದುವುದಕ್ಕೆ ನನಗೇನು ಬೇರೆ ಕೆಲಸವಿಲ್ಲವೇ? ಹಿಂದೆ ಹದಿನಾಲ್ಕು ಜನ ಸಾಲಿನಲ್ಲಿದ್ದರು. “ನಲವತ್ತಾರು ಅಂತ ಹಾಕಿಬಿಡಿ, ಮುಂದಿನ ಸಲ ಸರಿಮಾಡ್ಕೊಳ್ಳಿ” ಎಂದೆ. ಒಪ್ಪಲಿಲ್ಲ. ಬುದ್ಧಿ ಹೇಳಿದೆ, ಹೆದರಿಸಿದೆ, ಕೊನೆಗೆ ಬೇಡಿಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. “ಮುಗಿದಿರೋದು ಅಷ್ಟೇ ಸರ್” ಎಂಬ ಒಂದೇ ಮಾತು.

ಇಳಿದ ಅಂಕಿಯನ್ನು ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ. ಕಂಪ್ಯೂಟರ್ ವಿಭಾಗಕ್ಕೆ ಹೋದೆ, ಅವರು ಮೇಲಧಿಕಾರಿಯ ಪತ್ರ ಕೇಳಿದರು. ಮೇಲಧಿಕಾರಿ ಮಾರ್ಗದರ್ಶಕರ ಪತ್ರ ಕೇಳಿದರು. ಮಾರ್ಗದರ್ಶಕರು, “ಇಳಿದಿದೆಯಾ? ಸಹಿ ಹಾಕಿದೀನಲ್ಲ, ಏರಿರಬೇಕು” ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಮೂರು ವಾರ ಮೂರು ಮಹಡಿ ಹತ್ತಿ ಇಳಿದು ನನ್ನ ಮಂಡಿ ಕಳಚಿ ಕೈಗೆ ಬಂತು. ಕೊನೆಗೆ 28 ಎಂದು ದಾಖಲಾಯಿತು, ಪಕ್ಕದಲ್ಲಿ ಅತೃಪ್ತಿಕರ, ಮೊದಲನೇ ಸಲ. ನಮ್ಮ ಜವಾನ ಅಂದಿನಿಂದ ಅವರಿಗೆ ಇಳಿಜಾರು ಸಿಸ್ಟರ್ ಎಂದು ಹೆಸರಿಟ್ಟ. ನಾನೂ ಹಾಗೇ ಕರೆದೆ, ಹಿಂದಿನಿಂದ.

ಅದಾಗಿ ಐದು ತಿಂಗಳಿಗೆ ನನ್ನ ಮಗಳಿಗೆ ಅದೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಎರಡು ದಿನ ನೋವು ತಿಂದು ಹೆತ್ತಿದ್ದಳು. ಮರುದಿನ ಅರ್ಧ ದಿನ ರಜೆ ಹಾಕಿ ನೋಡಲು ಹೋದೆ. ಮೊಮ್ಮಗಳ ಮುಖ ನೋಡಿ ಸಂತೋಷಪಟ್ಟು, ಮಂಚದ ತುದಿಯಲ್ಲಿ ಕೂತು ಮಗಳ ಹತ್ತಿರ ಮಾತಾಡಿದೆ. ಮನೆಯಲ್ಲಿ ನನ್ನ ಆಫೀಸಿನ ಕಥೆ ಕೇಳುವವಳು ಅವಳೊಬ್ಬಳೇ. ಹೆಂಡತಿ, “ರೀ, ಆ ಕಿಟಕಿನ ಅಲ್ಲೇ ಮುಚ್ಚಿ ಬನ್ನಿ” ಎನ್ನುತ್ತಾಳೆ. ಕಂಪ್ಯೂಟರ್ ವಿಭಾಗ, ಮಾರ್ಗದರ್ಶಕ, ಮಂಡಿ ನೋವು, ಎಲ್ಲವನ್ನೂ ಮಗಳಿಗೆ ಹೇಳಿಕೊಂಡೆ. ಹಗುರವಾಯಿತು.

ಅಷ್ಟರಲ್ಲಿ ಕೈಯಲ್ಲಿ ಪುಸ್ತಕ ಹಿಡಿದು ಬಂದವರು ಸಾಕ್ಷಾತ್ ಇಳಿಜಾರು ಸಿಸ್ಟರ್. ನನ್ನನ್ನು ನೋಡಿ ಒಂದು ಕ್ಷಣ ನಿಂತರು. “ಸರ್, ನೀವು ಹೊರಗೆ ಬರ್ತೀರಾ ಸ್ವಲ್ಪ” ಎಂದು ಎಬ್ಬಿಸಿದರು. ಬಾಗಿಲಲ್ಲಿ ನನ್ನ ಹೆಂಡತಿಯನ್ನೂ ಬೀಗಿತ್ತಿಯನ್ನೂ ತಡೆದು, ಮಗುವನ್ನು ತಾವೇ ಎತ್ತಿಕೊಂಡು, ಪರದೆ ಎಳೆದರು. ನಾಲ್ಕು ಗಂಟೆ ಯಾರನ್ನೂ ಒಳಗೆ ಬಿಡಲಿಲ್ಲ. “ಮೊಮ್ಮಗೂನ ನೋಡೋಕೂ ಇವಳ ಅಪ್ಪಣೆ ಬೇಕಾ” ಎಂದು ಹೆಂಡತಿ ಕುದಿಯುತ್ತಿದ್ದಳು. ಸಂಜೆ ಮಗಳು ಎದ್ದು, “ಅಪ್ಪ, ಮೂರು ದಿನಕ್ಕೆ ಇದೇ ಮೊದಲ ನಿದ್ದೆ” ಎಂದಳು. ಅವಳ ಮುಖಕ್ಕೆ ಕಳೆ ಬಂದಿತ್ತು. ಈ ಹೆಂಗಸಿಗೆ ನನ್ನಿಂದ ಏನಾದರೂ ಒಳ್ಳೆಯದಾಗಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಎರಡು ವಾರಕ್ಕೆ ಆರನೇ ವರದಿ ಬಂತು. ಅವರು ಡ್ಯೂಟಿಗೆ ಓಡುವ ಅವಸರದಲ್ಲಿದ್ದರು, ಕೊಟ್ಟು ರಸೀದಿ ತೆಗೆದುಕೊಂಡು ಹೋದರು. ನೋಡುತ್ತೇನೆ, ಶೇಕಡಾ 24.

ನಾನು ಮೈ ಪರಚಿಕೊಳ್ಳುವುದೊಂದು ಬಾಕಿ. ಇದನ್ನು ಹೀಗೇ ಹಾಕಿದರೆ ಎರಡನೇ ಅತೃಪ್ತಿಕರ, ನೋಂದಣಿ ರದ್ದು, ಮೂರು ವರ್ಷದ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮಗಳ ಮುಖ ಕಣ್ಣ ಮುಂದೆ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಈ ಒಂದು ಸಲ ಪೂಜಾರಿಯೇ ಕೊಟ್ಟುಬಿಡಲಿ ಎಂದುಕೊಂಡೆ. ಪೆನ್ನಿನಲ್ಲಿ 2ರ ಮೇಲೆ ಒಂದು ಗೆರೆ ಎಳೆದು ಬಾಲವನ್ನು ದಪ್ಪ ಮಾಡಿದರೆ ಅದು 7. ಶೇಕಡಾ 74. ಕಂಪ್ಯೂಟರ್ ತುಟಿ ಪಿಟಕ್ಕೆನ್ನದೆ ತೆಗೆದುಕೊಂಡಿತು. ಮಾರ್ಗದರ್ಶಕರು ತಮ್ಮ ಕೋಣೆಯಲ್ಲಿ ಕೂತು ‘ಅನುಮೋದಿಸಲಾಗಿದೆ’ ಗುಂಡಿ ಒತ್ತಿದರು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಏಳನೇ ವರದಿಯಲ್ಲಿ ಅವರು 29 ಎಂದು ಬರೆದರು, ನಾನು 79 ಮಾಡಿದೆ. ಎಂಟನೆಯದರಲ್ಲಿ 35. ಅದನ್ನು ಮುಟ್ಟದೆ ಬಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ, ತಿದ್ದಿದರೆ ಎಂಬತ್ತು ದಾಟುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಎಂಬತ್ತರ ನಿಯಮ ಪುಸ್ತಕದಲ್ಲಿತ್ತೇ ಹೊರತು ಹನ್ನೊಂದು ವರ್ಷದಿಂದ ಯಾರೂ ಅದನ್ನು ಚಲಾಯಿಸಿರಲಿಲ್ಲ. ಆ ಧೈರ್ಯದಲ್ಲಿ 3ರ ಬಾಯಿ ಮುಚ್ಚಿ 8 ಮಾಡಿದೆ.

ಅದೇ ತಿಂಗಳು ನಮ್ಮ ವಿಭಾಗಕ್ಕೆ ಹೊಸ ಅಧ್ಯಕ್ಷರು ಬಂದರು. ಬಂದವರೇ ಎಂಬತ್ತು ದಾಟಿದವರ ಪಟ್ಟಿ ತರಿಸಿದರು. ಸಿಸ್ಟರ್ ಮನೆಗೆ ಪತ್ರ ಹೋಯಿತು, ಕೆಲಸ ಶೇಕಡಾ ಎಂಬತ್ತೈದು ಮುಗಿದಿರುವುದರಿಂದ ಬರೆದ ಅಧ್ಯಾಯಗಳೊಂದಿಗೆ ಪರಿಶೀಲನಾ ಸಮಿತಿಯ ಮುಂದೆ ಹಾಜರಾಗಬೇಕು, ತಪ್ಪಿದರೆ ನೋಂದಣಿ ರದ್ದಾಗುತ್ತದೆ ಎಂದು. ಆ ಪತ್ರ ಟೈಪ್ ಮಾಡಿದವನೂ ನಾನೇ. ಮಾಡಿದ್ದುಣ್ಣೋ ಮಹರಾಯ.

ಪತ್ರ ತಲುಪಿದ ಮರುದಿನ ಬಾಗಿಲು ತೆಗೆಯುವ ಮುಂಚೆಯೇ ಸಿಸ್ಟರ್ ಕಿಟಕಿಯಲ್ಲಿ ನಿಂತಿದ್ದರು.

“ಸರ್, ನಾನು ಬರೆದದ್ದು ಮೂವತ್ತೈದು. ಎಂಬತ್ತೈದು ಎಲ್ಲಿಂದ ಬಂತು?”

“ಕಂಪ್ಯೂಟರ್ ತಪ್ಪಿರಬಹುದು ಸಿಸ್ಟರ್, ನೋಡ್ತೀನಿ” ಎಂದೆ. ನಿವೃತ್ತಿಗೆ ಹದಿನೆಂಟು ತಿಂಗಳಿತ್ತು. ಪಿಂಚಣಿ ನೆನಪಾಯಿತು. ಅವರು “ನೋಡಿ ಸರ್” ಎಂದು ಹೋದರು. ಸಮಿತಿಗೆ ಇನ್ನೂ ಹತ್ತು ದಿನವಿತ್ತು. ಹತ್ತು ದಿನವೂ ಇವತ್ತು ಹೇಳುತ್ತೇನೆ ಎಂದುಕೊಂಡು ಎದ್ದೆ, ನಾಳೆ ಹೇಳುತ್ತೇನೆ ಎಂದುಕೊಂಡು ಮಲಗಿದೆ. ಊಟ ರುಚಿಸಲಿಲ್ಲ. ಹೆಂಡತಿ ಕೇಳಿದ್ದಕ್ಕೆ ಅವಳ ಮೇಲೇ ಹರಿಹಾಯ್ದೆ.

ಸಮಿತಿಯೆಂದರೆ ಉದ್ದನೆಯ ಮೇಜು, ಮೂರು ಜನ. ನಡುವೆ ಹೊಸ ಅಧ್ಯಕ್ಷರು, ಒಂದು ಕಡೆ ಮಾರ್ಗದರ್ಶಕರು, ಇನ್ನೊಂದು ಕಡೆ ಹೊರಗಿನಿಂದ ಬಂದ ಮೇಡಂ. ಫೈಲು ಎತ್ತಿಕೊಡಲು ನಾನು ಬಾಗಿಲ ಪಕ್ಕ ನಿಂತಿದ್ದೆ. ಸಿಸ್ಟರ್ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು, ಕಣ್ಣು ಕೆಂಪಾಗಿತ್ತು.

“ಎಂಬತ್ತೈದು ಮುಗಿದಿದೆ ಅಂತೀರಿ. ಅಧ್ಯಾಯಗಳು ಎಲ್ಲಿ?” ಎಂದರು ಅಧ್ಯಕ್ಷರು.

“ಹೋದ ವರದಿಗೆ ಮೂವತ್ತೈದು, ಇವತ್ತಿಗೆ ಮುಗಿದಿರೋದು ಮೂವತ್ತೇಳು ಸರ್. ಒಂದೂವರೆ ಅಧ್ಯಾಯ ತಂದಿದ್ದೀನಿ.” ಅವರು ತಮ್ಮ ಚೀಲದಿಂದ ಎಂಟು ವರದಿಗಳ ಜೆರಾಕ್ಸ್ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.

ಅಧ್ಯಕ್ಷರು ಫೈಲಿನ ಮೂಲ ಕಾಗದವನ್ನೂ ಜೆರಾಕ್ಸನ್ನೂ ಪಕ್ಕಪಕ್ಕ ಹಿಡಿದು ನೋಡಿದರು. “ಇಲ್ಲಿ ಅಂಕಿ ತಿದ್ದಿದೆ. ನೀವೇ ತಿದ್ದಿ ಕೊಟ್ಟು, ಈಗ ಸಿಕ್ಕಿಬಿದ್ದ ಮೇಲೆ ತಿದ್ದದ ಕಾಪಿ ತೋರಿಸ್ತಿದ್ದೀರಾ? ಇದು ಬರೀ ರದ್ದು ಮಾಡೋ ವಿಷಯ ಅಲ್ಲಮ್ಮ, ಫೋರ್ಜರಿ. ನಿಮ್ಮ ಆಸ್ಪತ್ರೆಗೂ ಬರೀಬೇಕಾಗುತ್ತೆ.”

ಜೀವಮಾನದಲ್ಲಿ ಒಂದು ಅಂಕಿಯನ್ನೂ ಸುಳ್ಳು ಬರೆಯದವರಿಗೆ ಫೋರ್ಜರಿ ಎನ್ನುತ್ತಿದ್ದಾರೆ. ಮಾರ್ಗದರ್ಶಕರು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು.

“ಸರ್, ಅಂಟಿಸಿರೋ ಹಾಳೆ ಓದಿ. ಮೂಲದಲ್ಲೇ ಇದೆ” ಎಂದರು ಸಿಸ್ಟರ್.

ಹೊರಗಿನ ಮೇಡಂ ಫೈಲು ಎಳೆದುಕೊಂಡು ಆರನೇ ವರದಿಯ ಹಾಳೆಯನ್ನು ಗಟ್ಟಿಯಾಗಿ ಓದಿದರು:

“‘ಹಾಸಿಗೆ ಹನ್ನೊಂದರ ತಾಯಿ ಹೆರಿಗೆಯಾಗಿ ಮೂವತ್ತೊಂಬತ್ತು ಗಂಟೆಯಾದರೂ ನಿದ್ದೆ ಮಾಡಿಲ್ಲ. ನನ್ನ ಪಟ್ಟಿಯಲ್ಲಿ ಎಚ್ಚರ ಎಂದಷ್ಟೇ ಗುರುತಿದೆ, ಏಕೆ ಎಂದು ಬರೆಯಲು ಜಾಗವಿಲ್ಲ. ಆಕೆಯ ತಂದೆ ಮಂಚದ ತುದಿಯಲ್ಲಿ ಕುಳಿತು ಎರಡು ಗಂಟೆ ತಮ್ಮ ಕಚೇರಿಯ ಕಷ್ಟ ಹೇಳಿದರು. ಆಕೆ ಹೂಂ ಅಪ್ಪ, ಹೂಂ ಅಪ್ಪ ಎನ್ನುತ್ತಿದ್ದಳು. ಅವರು ಎದ್ದುಹೋದ ಮೇಲೆ ಕೇಳಿದೆ. ಬೇಡ ಅಂದ್ರೆ ಅಪ್ಪ ನೊಂದ್ಕೋತಾರೆ ಎಂದಳು. ಹಾಸಿಗೆಯ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ನಾನು ಇದುವರೆಗೆ ಬರೆದುಕೊಂಡೇ ಇಲ್ಲ. ಅದಿಲ್ಲದೆ ಈ ಅಧ್ಯಯನಕ್ಕೆ ಅರ್ಥವಿಲ್ಲ. ಆದ್ದರಿಂದ ಹಿಂದಿನ ಮೂವತ್ತು ತಾಯಂದಿರ ಲೆಕ್ಕವನ್ನು ಕೈಬಿಟ್ಟು ಹೊಸದಾಗಿ ಆರಂಭಿಸಿದ್ದೇನೆ. ಮುಗಿದ ಕೆಲಸ ಇಪ್ಪತ್ತನಾಲ್ಕಕ್ಕೆ ಇಳಿದಿದೆ.’”

ಮೇಡಂ ಕನ್ನಡಕ ತೆಗೆದು, “ಇಳಿದಿದೆ ಅಂತ ಕಾರಣ ಬರೆದು, ಪಕ್ಕದಲ್ಲೇ ಎಪ್ಪತ್ನಾಲ್ಕು ಅಂತ ಯಾರು ಹಾಕ್ತಾರೆ?” ಎಂದರು.

ಹಾಸಿಗೆ ಹನ್ನೊಂದು ನನ್ನ ಮಗಳದು. ಎರಡು ಗಂಟೆ ನಾನು ಹೇಳಿಕೊಂಡದ್ದು ಈ ಸಿಸ್ಟರ್ ಮೇಲಿನ ದೂರನ್ನು. ಹಡೆದು ಮಲಗಿದವಳು ನಾನು ನೊಂದುಕೊಳ್ಳಬಾರದೆಂದು ಕಣ್ಣು ಬಿಟ್ಟುಕೊಂಡು ಕೇಳಿದ್ದಳು. ಆ ಅಂಕಿಯನ್ನು ಇಳಿಸಿದವನು ನಾನು, ಏರಿಸಿದವನೂ ನಾನು. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನ್ನಿಸಿತು.

“ತಿದ್ದಿದ್ದು ನಾನು ಸರ್” ಎಂದೆ.

ಮೂವರೂ ತಿರುಗಿದರು. ಬಾಯಿ ಬಿಟ್ಟಾಗಿತ್ತು, ಇನ್ನು ನಿಲ್ಲಲಿಲ್ಲ. “ಮೂರೂ ಸಲ ನಾನೇ. ಸಿಸ್ಟರ್‌ಗೆ ಗೊತ್ತಿಲ್ಲ. ಇನ್ನೊಂದು ವಿಷಯ ಸರ್. ಕಾಗದದಲ್ಲಿ ಇಪ್ಪತ್ನಾಲ್ಕು ಇದ್ದಾಗ ಮಾರ್ಗದರ್ಶಕರ ಸಹಿ ಇದೆ. ಕಂಪ್ಯೂಟರಲ್ಲಿ ಎಪ್ಪತ್ನಾಲ್ಕು ಆದಾಗ ಅನುಮೋದನೆಯೂ ಅವರದೇ ಇದೆ. ಒಂದು ವಾರದ ಅಂತರ. ಎರಡನ್ನೂ ಅವರು ನೋಡಿಲ್ಲ. ನಾನೂ ಹಾಳೆ ಓದಿಲ್ಲ. ನಮ್ಮಲ್ಲಿ ಓದುವವರು ಯಾರೂ ಇಲ್ಲ ಸರ್, ಬರೆದವರು ಇವರೊಬ್ಬರೇ.”

ಮಾರ್ಗದರ್ಶಕರ ಮುಖ ಸುಟ್ಟ ಬದನೆಕಾಯಿಯಾಯಿತು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯ ಮೇಲೆ ತೀರ್ಮಾನ ಬಂತು. ನನಗೆ ನೋಟಿಸು, ವಿಚಾರಣೆ. ನಿಯಮದ ಪ್ರಕಾರ ಸಿಸ್ಟರ್ ನೋಂದಣಿ ಆರನೇ ವರದಿಗೇ ರದ್ದಾಗಬೇಕಿತ್ತು. ಆದರೆ ರದ್ದು ಮಾಡಿದರೆ ಮಾರ್ಗದರ್ಶಕರ ಎರಡು ಸಹಿಗೂ ಕಾರಣ ಕೇಳಬೇಕಾಗುತ್ತದೆ. ಅವರ ಮಾನ ಉಳಿಸಲು, ನಿಜವಾದ ಅಂಕಿಗಳನ್ನು ದಾಖಲಿಸಿ, ಎರಡು ವರ್ಷ ಹೆಚ್ಚಿನ ಅವಧಿ ಕೊಡಲಾಗಿದೆ ಎಂದು ಬರೆದರು. ಎಂತಹ ಕಾರಣಕ್ಕಾದರೂ ಆಗಲಿ, ಅವರು ಉಳಿದುಕೊಂಡರು.

ಕಾರಿಡಾರಿನಲ್ಲಿ ಸಿಸ್ಟರ್ ನನ್ನ ಹತ್ತಿರ ಬಂದರು. ಸುಳ್ಳೇಕೆ ಹೇಳಲಿ, ಒಂದು ಥ್ಯಾಂಕ್ಸ್ ಬರುತ್ತದೆಂದು ಕಾಯುತ್ತಿದ್ದೆ.

“ಯಾಕೆ ಮಾಡಿದ್ರಿ ಸರ್?”

“ನಿಮಗೆ ಒಳ್ಳೇದಾಗಲಿ ಅಂತ ಸಿಸ್ಟರ್. ಅವತ್ತು ತಿದ್ದದೇ ಇದ್ದಿದ್ರೆ ಅವತ್ತೇ ರದ್ದಾಗ್ತಿತ್ತು.”

“ರದ್ದು ಮಾಡೋ ಮುಂಚೆ ಸಮಿತಿಯವರು ಅವತ್ತೇ ನನ್ನನ್ನ ಕರೀತಿದ್ರು. ಯಾಕೆ ಇಳೀತು ಅಂತ ಕೇಳ್ತಿದ್ರು. ನಾನು ಹೇಳ್ತಿದ್ದೆ.” ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಆ ಹೆಂಗಸರು ನಿದ್ದೆ ಇಲ್ಲ ಅಂದ್ರೆ, ಏನಾಗಲ್ಲ ಬಿಡು ಅಂತ ಬೆನ್ನು ತಟ್ಟಿ ಹೋಗ್ತಾರೆ ಎಲ್ಲರೂ. ಪ್ರೀತಿಯಿಂದಾನೇ. ನೀವೂ ನನಗೆ ಅದನ್ನೇ ಮಾಡಿದ್ರಿ. ಎಂಟು ಸಲ ಬರೆದೆ ಸರ್, ಯಾರಾದ್ರೂ ಒಬ್ಬರು ಓದ್ತಾರೆ ಅಂತ. ಅಂಕಿ ತಿದ್ದೋಕೆ ನಿಮಗೆ ಟೈಮಿತ್ತು. ಅದರ ಪಕ್ಕದಲ್ಲೇ ಇರೋದನ್ನ ಓದೋಕೆ ಇರಲಿಲ್ಲ.”



“ಹಾಸಿಗೆ ಹನ್ನೊಂದರ ಅಪ್ಪ ನಾನೇ ಅಂತ ನಿಮಗೆ ಗೊತ್ತಿತ್ತಲ್ಲ ಸಿಸ್ಟರ್” ಎಂದೆ.

“ಗೊತ್ತಿತ್ತು. ಓದ್ತೀರಿ ಅಂದ್ಕೊಂಡಿದ್ದೆ.”

ಅವರು ಡ್ಯೂಟಿ ಮುಗಿಸಿ ಬಂದವರು, ಮನೆಗೆ ಹೋಗಿ ಮಲಗಬಹುದಿತ್ತು. ಹೋಗಲಿಲ್ಲ. “ಮೂರೂ ಸರಿ ಮಾಡಿ. ನಾನು ಇಲ್ಲೇ ಇರ್ತೀನಿ” ಎಂದು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತರು. ಸಮಿತಿಯ ಪತ್ರ ಹಿಡಿದು ಕಂಪ್ಯೂಟರ್ ವಿಭಾಗಕ್ಕೆ ಹೋದೆ, ಅಲ್ಲಿಯವನ ಜೊತೆ ಜಗಳವಾಡಿದೆ, ಇಳಿದ ಅಂಕಿಗೆ ಕಂಪ್ಯೂಟರಿನಲ್ಲಿದ್ದ ಬೀಗ ತೆಗೆಸಿಕೊಂಡು ಬಂದು ಟೈಪ್ ಮಾಡಿದೆ. ಇಪ್ಪತ್ತನಾಲ್ಕು. ಇಪ್ಪತ್ತೊಂಬತ್ತು. ಮೂವತ್ತೈದು. ಒಂದೊಂದಕ್ಕೂ ಕಂಪ್ಯೂಟರ್ ಕಾರಣ ಕೇಳಿತು. ಎಲ್ಲರ ಹೆಸರಿನಲ್ಲೂ ನಾನು ಅಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಿದ್ದೆ. ಈ ಸಲ ಫೈಲು ಬಿಚ್ಚಿ, ಅವರ ಹಾಳೆಗಳನ್ನು ಒಂದೊಂದೇ ಸಾಲು ಓದುತ್ತ ಪೂರ್ತಿ ಹೊಡೆದೆ. ಸಾಲಿನಲ್ಲಿದ್ದವರು ಗೊಣಗಿದರು. ಗೊಣಗಲಿ ಎಂದು ತಲೆ ಎತ್ತಲಿಲ್ಲ.

ಮುಗಿಯುವ ಹೊತ್ತಿಗೆ ಸಿಸ್ಟರ್ ಬೆಂಚಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಕರೆದೆ. ಎದ್ದು ಬಂದು, ಕಿಟಕಿಯೊಳಗೆ ಬಗ್ಗಿ, ಪರದೆಯ ಮೇಲಿದ್ದ ಅಂಕಿಗಳನ್ನು ಮೇಲಿನಿಂದ ಕೆಳಗೆ ಓದಿದರು.

“ಇದು ನಂದು” ಎಂದರು.